ಆಸ್ಪತ್ರೆ ಇಮೇಲ್ ಇದ್ದಮೇಲೂ ಬೇರೆ ಲಾಗಿನ್ ಯಾಕೆ?

ಇಂಗ್ಲೆಂಡಲ್ಲಿ ಎನ್‌ಎಚ್‌ಎಸ್ (ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಆಸ್ಪತ್ರೆಲಿ ನರ್ಸ್ ಆಗಿರೋ ಓದುಗರೊಬ್ರು ಕೇಳಿದಾರೆ: ಆಸ್ಪತ್ರೆ ಇಮೇಲ್ ಇದ್ರೂ ಜರ್ನಲ್ ಓದಕ್ಕೆ ಓಪನ್‌ಅಥೆನ್ಸ್ ಅಂತ ಬೇರೆ ಅಕೌಂಟ್ ಮಾಡಿಸ್ತಾರಲ್ಲ ಯಾಕೆ, ದಾವಣಗೆರೆಲಿ ನರ್ಸಿಂಗ್ ಓದ್ತಿರೋ ತಂಗಿಗೆ ಅದನ್ನ ಕೊಡಬಹುದಾ ಅಂತ.

ಮೇಡಂ, ಜರ್ನಲ್ ಕಂಪನಿಗೆ ನೀವ್ಯಾರು ಅಂತ ಗೊತ್ತಿಲ್ಲ, ದುಡ್ಡು ಕಟ್ಟಿರೋದು ಲೈಬ್ರರಿ, ಹಾಗಾಗಿ 'ಇವ್ರು ನಮ್ಮೋರೇ' ಅಂತ ಯಾರಾದ್ರೂ ಹೇಳ್ಬೇಕು, ಇಡೀ ರಗಳೆ ಇಷ್ಟೇ. 90ರ ದಶಕದ ಶುರುವಲ್ಲಿ ಬ್ರಿಟನ್ ಯೂನಿವರ್ಸಿಟಿಗಳಿಗೆ ಆನ್‌ಲೈನ್ ಡೇಟಾಬೇಸ್ ಬರಕ್ಕೆ ಶುರುವಾದಾಗ, ಉದಾಹರಣೆಗೆ ಬಾತ್ ಯೂನಿವರ್ಸಿಟಿಯ ಬಿಡ್ಸ್ ಅನ್ನೋ ಡೇಟಾಬೇಸ್ ಸೇವೆ 1991ರದ್ದು, ಒಂದೊಂದಕ್ಕೂ ಬೇರೆಬೇರೆ ಪಾಸ್‌ವರ್ಡು, ಅದನ್ನ ಹಂಚೋದು ಲೈಬ್ರರಿಯವ್ರ ತಲೆನೋವು. ಕಂಪ್ಯೂಟರಿನ ಐಪಿ ನಂಬರ್ ನೋಡಿ ಒಳಗೆ ಬಿಡೋ ಪದ್ಧತಿನೂ ಬಂತು, ಆದ್ರೆ ಕ್ಯಾಂಪಸ್ ದಾಟಿದ್ರೆ ಬಾಗಿಲು ಬಂದ್. ಆ ದಶಕದ ನಡುವೆ ಅದೇ ಬಾತ್‌ನಲ್ಲಿ ನಿಸ್ ಅನ್ನೋ ತಂಡ ಅಥೆನ್ಸ್ ಮಾಡ್ತು: ಒಬ್ಬರಿಗೆ ಒಂದೇ ಯೂಸರ್‌ನೇಮು, ಎಲ್ಲಾ ಡೇಟಾಬೇಸಿಗೂ ಅದೇ. ಆಮೇಲೆ ಎನ್‌ಎಚ್‌ಎಸ್ ಕೂಡ ಇದನ್ನೇ ಹಿಡ್ಕೊಂತು.

ಅಷ್ಟರಲ್ಲಿ ಅಮೆರಿಕದಿಂದ ಶಿಬ್ಬೊಲೆತ್ ಅನ್ನೋ ಲಾಗಿನ್ ಸಾಫ್ಟ್‌ವೇರ್ ಬಂತು, ಮೊದಲ ವರ್ಶನ್ 2003ರಲ್ಲಿ. ಇದ್ರಲ್ಲಿ ನಿಮ್ಮ ಯೂನಿವರ್ಸಿಟಿ ಹೆಸರು ಒತ್ತಿದ್ರೆ ಅದರದ್ದೇ ಲಾಗಿನ್ ಪೇಜ್‌ಗೆ ಕರ್ಕೊಂಡು ಹೋಗತ್ತೆ, ಅಲ್ಲಿಂದ ಜರ್ನಲ್‌ಗೆ 'ಹೌದು, ನಮ್ಮ ಸ್ಟೂಡೆಂಟೇ' ಅಂತ ಸುದ್ದಿ ಹೋಗತ್ತೆ, ಪಾಸ್‌ವರ್ಡ್ ಹೋಗಲ್ಲ, ಎಷ್ಟೋ ಸಲ ಹೆಸರೂ ಹೋಗಲ್ಲ. ನಂಗೆ ಇದೇ ಜಾಣತನ ಅನ್ಸತ್ತೆ. 2006ರ ನವೆಂಬರಲ್ಲಿ ಬ್ರಿಟನ್ ಇದಕ್ಕೇ ಅಂತ ಫೆಡರೇಶನ್, ಅಂದ್ರೆ ಒಬ್ಬರ ಲಾಗಿನ್ ಇನ್ನೊಬ್ಬರು ನಂಬೋ ಒಕ್ಕೂಟ, ಶುರು ಮಾಡ್ತು, 2008ರ ಜುಲೈಗೆ ಯೂನಿವರ್ಸಿಟಿಗಳ ಪರವಾಗಿ ಅಥೆನ್ಸ್‌ಗೆ ದುಡ್ಡು ಕೊಡೋದನ್ನ ಜಿಸ್ಕ್ (ಅಲ್ಲಿನ ಯೂನಿವರ್ಸಿಟಿಗಳ ಕಂಪ್ಯೂಟರ್ ಸೌಲಭ್ಯ ನೋಡ್ಕೊಳ್ಳೋ ಸಂಸ್ಥೆ) ನಿಲ್ಲಿಸ್ತು. ಅಥೆನ್ಸ್ ಸಾಯ್ಲಿಲ್ಲ, ತಾನೂ ಫೆಡರೇಶನ್ ಭಾಷೆ ಕಲಿತು ಓಪನ್‌ಅಥೆನ್ಸ್ ಆಯ್ತು. ತಮಾಷೆ ಏನಂದ್ರೆ ಅದನ್ನ ನಡೆಸ್ತಿದ್ದ ಎಜುಸರ್ವ್ 2019ರಲ್ಲಿ ಅದೇ ಜಿಸ್ಕ್ ಒಳಗೆ ಸೇರ್ಕೊಂಡ್ತು!

ಆಸ್ಪತ್ರೆಗಳ ಕಥೆ ಬೇರೆ. ಯೂನಿವರ್ಸಿಟಿಗಾದ್ರೆ ಒಂದೇ ಸ್ಟೂಡೆಂಟ್ ಪಟ್ಟಿ ಇರತ್ತೆ, ಎನ್‌ಎಚ್‌ಎಸ್‌ನಲ್ಲಿ ನೂರಾರು ಸಂಸ್ಥೆ, ಜನ ಒಂದು ಟ್ರಸ್ಟಿಂದ (ಆಸ್ಪತ್ರೆ ನಡೆಸೋ ಸಂಸ್ಥೆ) ಇನ್ನೊಂದು ಟ್ರಸ್ಟಿಗೆ ಹೋಗ್ತಿರ್ತಾರೆ, ನೈಟ್ ಡ್ಯೂಟಿ ಮುಗಿಸಿ ಮನೇಲಿ ಕೂತು ಓದೋರೂ ಇರ್ತಾರೆ, ಅದಕ್ಕೇ ಬೇರೆ ಅಕೌಂಟು. ನಿಮ್ಮ ಆಸ್ಪತ್ರೆ ಇಮೇಲ್ ಹಾಕೇ ರಿಜಿಸ್ಟರ್ ಮಾಡಿ, ಬೇಗ ಆಗತ್ತೆ, ಇಲ್ಲಾಂದ್ರೆ ಲೈಬ್ರರಿಯವ್ರು ಚೆಕ್ ಮಾಡಿ ಒಪ್ಪೋವರೆಗೂ ಕಾಯ್ಬೇಕು.

ತಂಗಿಗೆ ಮಾತ್ರ ಕೊಡ್ಬೇಡಿ, ಆ ಲೈಸೆನ್ಸ್ ಇರೋದು ನಿಮಗೆ. ಅವ್ರ ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿವಿಗೆ ಸೇರಿದ್ರೆ ಹೆಲಿನೆಟ್ ಅಂತ ಅದರದ್ದೇ ಆನ್‌ಲೈನ್ ಲೈಬ್ರರಿ ಇದೆ, 2003ರಿಂದ ಇರೋದು, ಲೈಬ್ರರಿಯನ್ ಹತ್ರ ಅದರ ಲಾಗಿನ್ ಕೇಳಕ್ಕೆ ಹೇಳಿ.