ಎರಡು ರಾತ್ರಿಗೆ ಲೆಕ್ಕ ಕೇಳೋದು ಬೇಡ್ವಾ ಮೇಷ್ಟ್ರೇ?

ಮಲೆನಾಡಿನ ಒಂದು ಊರಿಂದ ರಿಟೈರ್ಡ್ ಮೇಷ್ಟ್ರೊಬ್ಬರು ಮೂರು ಪುಟ ಬರ್ದಿದ್ದಾರೆ. ಅವರ ತಂಗಿ ಮಗನ್ನ ರಾತ್ರಿ ಹನ್ನೊಂದಕ್ಕೆ ಪೊಲೀಸ್ನೋರು ಮನೆಯಿಂದ ಎತ್ಕೊಂಡು ಹೋಗಿ, ಎರಡು ರಾತ್ರಿ ಸ್ಟೇಷನ್ನಲ್ಲಿ ಕೂರಿಸಿ, ಮೂರನೇ ದಿನ "ಹೆಸರು ಒಂದೇ ಇತ್ತು, ಹೋಗಪ್ಪ" ಅಂತ ಕಳಿಸಿದ್ರಂತೆ. ಒಂದು ಚೀಟಿನೂ ಕೊಟ್ಟಿಲ್ಲ. ಸಿವಿಲ್ ದಾವೆ ಹಾಕ್ತೀನಿ ಅಂತಾನೆ ಹುಡುಗ, ಮನೆಯವರು ಬೇಡ ಅಂತಾರೆ. "ಕೋರ್ಟಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತ ಗಾದೆನೇ ಇದೆಯಲ್ಲ, ನೀವಾದ್ರೂ ಅವನಿಗೆ ಬುದ್ಧಿ ಹೇಳಿ" ಅಂತ ಮೇಷ್ಟ್ರು ಕೇಳಿದ್ದಾರೆ.

ಮೇಷ್ಟ್ರೇ, ನಿಮ್ಮ ಭಯ ಸುಳ್ಳಲ್ಲ. ಪೊಲೀಸರಿಗೂ ಮೇಲಿಂದ ಒತ್ತಡ ಇರುತ್ತೆ, ತಪ್ಪಾಗುತ್ತೆ, ಒಪ್ಕೋತೀನಿ. ಆದ್ರೆ ನಿಮ್ಮ ಪತ್ರದ ಕೊನೇ ಪುಟದಲ್ಲಿ ಒಂದು ಸಾಲಿದೆ ನೋಡಿ, ಮನೆ ಮುಂದೆ ಯಾವ್ದಾದ್ರೂ ಬೈಕ್ ನಿಂತ್ರೆ ಹುಡುಗ ತಟ್ಟೆ ಬಿಟ್ಟು ಹಿತ್ತಿಲಿಗೆ ಹೋಗ್ತಾನೆ ಅಂತ. ಅದನ್ನ ಓದಿದ್ಮೇಲೆ ನನಗೆ ನಿಮ್ಮ ಗಾದೆ ಗಂಟಲಲ್ಲಿ ಇಳೀಲಿಲ್ಲ.

ಸಂವಿಧಾನದ 22ನೇ ವಿಧಿ ಏನ್ ಹೇಳುತ್ತೆ ಅಂತ ನೀವೇ ಮಕ್ಕಳಿಗೆ ಪಾಠ ಮಾಡಿರ್ತೀರಿ. ಯಾಕೆ ಹಿಡಿದ್ವಿ ಅಂತ ಹೇಳ್ಬೇಕು, ವಕೀಲರನ್ನ ನೋಡೋಕೆ ಬಿಡ್ಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸ್ಬೇಕು. ಇದ್ರಲ್ಲಿ ಒಂದೂ ಆಗಿಲ್ಲ ಅಂತ ನೀವೇ ಬರ್ದಿದ್ದೀರಿ, ಆಮೇಲೆ ನೀವೇ "ಹೋಗ್ಲಿ ಬಿಡಿ" ಅಂತೀರಿ!

ಒಡಿಶಾದ ನೀಲಾಬತಿ ಬೆಹೆರಾ ಅನ್ನೋ ತಾಯಿ ಹೋಗ್ಲಿ ಬಿಡಿ ಅನ್ನಲಿಲ್ಲ. 1987ರ ಡಿಸೆಂಬರ್‌ನಲ್ಲಿ 22 ವರ್ಷದ ಮಗನ್ನ ಪೊಲೀಸ್ನೋರು ಕರ್ಕೊಂಡು ಹೋದ್ರು, ಮಾರನೇ ದಿನ ರೈಲು ಹಳಿ ಮೇಲೆ ಹೆಣ ಸಿಕ್ತು. ಆಯಮ್ಮ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರ್ದ್ರು, ಬರೀ ಪತ್ರ, ಅದನ್ನೇ ರಿಟ್ ಅರ್ಜಿ ಅಂತ ತಗೊಂಡು 1993ರಲ್ಲಿ ಒಂದೂವರೆ ಲಕ್ಷ ಪರಿಹಾರ ಕೊಡ್ಸಿದ್ರು. ಅದಕ್ಕೂ ಹತ್ತು ವರ್ಷ ಮುಂಚೆ ಬಿಹಾರದ ರುದುಲ್ ಸಾಹ್ ಕೇಸು. ಖುಲಾಸೆ ಆದ್ಮೇಲೂ 14 ವರ್ಷ ಜೈಲಲ್ಲೇ ಕೊಳೆತ ಆ ಮನುಷ್ಯನಿಗೆ ಪರಿಹಾರ ಕೊಡ್ಸಿದ ಕೋರ್ಟು, ಬೇಕಾದ್ರೆ ಇನ್ನೂ ಹೆಚ್ಚಿಗೆ ಕೇಳಿ ಸಿವಿಲ್ ದಾವೆನೂ ಹಾಕ್ಬಹುದು ಅಂತ ಬಾಗಿಲು ತೆರೆದಿಟ್ತು. ನಿಮ್ಮ ಹುಡುಗ ಕಾಲಿಡ್ಬೇಕು ಅಂತಿರೋದು ಆ ಬಾಗಿಲಿಗೇ.

ಇಸ್ರೋದ ನಂಬಿ ನಾರಾಯಣನ್ ಅವ್ರದ್ದು ಎಲ್ರಿಗೂ ಗೊತ್ತು. ರಾಕೆಟ್ ಗುಟ್ಟು ಹೊರದೇಶಕ್ಕೆ ಮಾರಿದ್ರು ಅನ್ನೋ ಆರೋಪದ ಮೇಲೆ 1994ರಲ್ಲಿ ಬಂಧನ, 1996ರಲ್ಲೇ ಸಿಬಿಐ ಇದೆಲ್ಲ ಸುಳ್ಳು ಅಂತು, ಆದ್ರೂ ಸುಪ್ರೀಂ ಕೋರ್ಟು 50 ಲಕ್ಷ ಕೊಡಿ ಅಂದಿದ್ದು 2018ಕ್ಕೆ, ಅವರು ಹೂಡಿದ್ದ ಸಿವಿಲ್ ದಾವೆ ರಾಜಿಯಾಗಿ ಕೇರಳ ಸರ್ಕಾರ 1.3 ಕೋಟಿ ಕೊಟ್ಟಿದ್ದು 2020ಕ್ಕೆ. ಅದೇ ಕೇಸಲ್ಲಿ ನಮ್ಮ ಬೆಂಗಳೂರಿನ ಕೆ. ಚಂದ್ರಶೇಖರ್ ಕೂಡ ಒಳಗೆ ಹೋಗಿದ್ರು, ರಷ್ಯಾದ ಗ್ಲಾವ್‌ಕಾಸ್ಮಾಸ್ ಅನ್ನೋ ಬಾಹ್ಯಾಕಾಶ ಸಂಸ್ಥೆಯ ಪ್ರತಿನಿಧಿ ಆಗಿದ್ದವರು. 2018ರ ಸೆಪ್ಟೆಂಬರ್ 14ಕ್ಕೆ ತೀರ್ಪು ಬಂದಾಗ ಅವರು ಕೋಮಾದಲ್ಲಿದ್ರು, ಎರಡು ದಿನಕ್ಕೆ ಹೋಗ್ಬಿಟ್ರು. ತೀರ್ಪು ಬಂತು ಅಂತಾನೂ ಗೊತ್ತಾಗ್ಲಿಲ್ಲ ಪಾಪ. ಆಗ ಪುಟಗಟ್ಟಲೆ ಗೂಢಚಾರಿಕೆ ಕತೆ ಬರೆದವರು ನಾವು ಪತ್ರಿಕೆಯವರೇ, ಇವತ್ತಿಗೂ ಯಾರನ್ನಾದ್ರೂ ಹಿಡಿದ್ರೆ ಫೋಟೋ ಮುಖಪುಟಕ್ಕೆ ಬರುತ್ತೆ, ಬಿಟ್ಟ ಸುದ್ದಿ ಒಳಪುಟದ ಮೂಲೇಲಿ ಎರಡು ಸಾಲು. ನನಗೆ ನಾಚಿಕೆ ಆಗುತ್ತೆ.

ಅದೇ ನಮ್ಮ ಡಾಕ್ಟರ್ ಮೊಹಮ್ಮದ್ ಹನೀಫ್ ಅವರನ್ನ 2007ರಲ್ಲಿ ಆಸ್ಟ್ರೇಲಿಯಾದಲ್ಲಿ ಒಂದು ಸಿಮ್ ಕಾರ್ಡಿನ ಹೆಸರಲ್ಲಿ ಭಯೋತ್ಪಾದನೆ ಕೇಸು ಹಾಕಿ ಹಿಡಿದ್ರಲ್ಲ, ತಿಂಗಳೊಳಗೆ ಕೇಸು ಬಿದ್ದೋಯ್ತು, 2010ಕ್ಕೆಲ್ಲ ಅಲ್ಲಿನ ಸರ್ಕಾರ ಕ್ಷಮೆ ಕೇಳಿ ಪರಿಹಾರನೂ ಕೊಡ್ತು. ನಮ್ಮಲ್ಲಿ? ಯಾರೋ ಸುಮ್ಮನೆ ದೂರು ಕೊಟ್ಟು ನಿಮ್ಮನ್ನ ಅರೆಸ್ಟ್ ಮಾಡ್ಸಿದ್ರೆ ಮ್ಯಾಜಿಸ್ಟ್ರೇಟ್ ಅವನಿಂದ ಕೊಡಿಸ್ಬಹುದಾದ ಪರಿಹಾರ ಜಾಸ್ತಿ ಅಂದ್ರೆ 1,000 ರೂಪಾಯಿ. ಹಳೇ ದಂಡ ಪ್ರಕ್ರಿಯಾ ಸಂಹಿತೆ ಬದಲಿಗೆ ಹೊಸ ಕಾನೂನು ಬರೆದವರೂ ಆ ಅಂಕಿ ಮುಟ್ಲಿಲ್ಲ. ತಪ್ಪು ಕೇಸಿಗೆ ಪರಿಹಾರ ಕೊಡೋಕೆ ಪ್ರತ್ಯೇಕ ವ್ಯವಸ್ಥೆ ಮಾಡಿ ಅಂತ 2018ರಲ್ಲೇ ಕಾನೂನು ಆಯೋಗ ಹೇಳಿತ್ತು, ಯಾರು ಕೇಳಿಸ್ಕೊಂಡ್ರು?

ಅದಕ್ಕೇ ದಾವೆ ಹಾಕ್ಲಿ ಅಂತೀನಿ. ಅಕ್ರಮ ಬಂಧನಕ್ಕೆ ದಾವೆ ಹಾಕೋಕೆ, ಸ್ಟೇಷನ್ನಿಂದ ಬಿಟ್ಟ ದಿನದಿಂದ ಒಂದೇ ವರ್ಷ ಟೈಮು. ಅದಕ್ಕೂ ಮುಂಚೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಸೆಕ್ಷನ್ ಪ್ರಕಾರ ಸರ್ಕಾರಕ್ಕೆ ನೋಟಿಸ್ ಕೊಟ್ಟು ಎರಡು ತಿಂಗಳು ಕಾಯ್ಬೇಕು. ಡ್ಯೂಟಿ ಹೆಸರಲ್ಲಿ ಪೊಲೀಸರು ಮಾಡಿದ್ದಕ್ಕೆ ದಾವೆ ಹಾಕೋಕೆ ಸರ್ಕಾರದ ಅನುಮತಿ ಬೇಕು ಅನ್ನೋ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಸೆಕ್ಷನ್ನು ಅಡ್ಡ ಬರುತ್ತಾ ಅಂತ ವಕೀಲರನ್ನ ಮೊದಲೇ ಕೇಳಿ. ದುಡ್ಡಿನ ತೊಂದರೆ ಇದ್ರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಸ್ಟೇಷನ್ ಸಿಸಿಟಿವಿ ದೃಶ್ಯ ಕನಿಷ್ಠ ಒಂದು ವರ್ಷ ಇಟ್ಟಿರ್ಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ, ಅದನ್ನ ಅಳಿಸದಂತೆ ಇವತ್ತೇ ಬರವಣಿಗೇಲಿ ಕೇಳಿ.

ಮೂರು ಪುಟ ಬರ್ದಿದ್ದೀರಿ ಮೇಷ್ಟ್ರೇ, ಅದ್ರಲ್ಲಿ ಒಂದು ತಾರೀಖೂ ಇಲ್ಲ. ಹುಡುಗನ್ನ ಪಕ್ಕದಲ್ಲಿ ಕೂರಿಸ್ಕೊಂಡು ಯಾವ ದಿನ, ಎಷ್ಟು ಗಂಟೆ, ಯಾರ್ಯಾರು ಬಂದ್ರು, ಅಕ್ಕಪಕ್ಕದವರು ಯಾರು ನೋಡಿದ್ರು ಎಲ್ಲಾ ಬರೆಸಿ. ಮೊದಲ ಕಾಪಿ ವಕೀಲರಿಗೆ, ಇನ್ನೊಂದು ನನಗೆ ಕಳಿಸಿ.