ರೋಡ್ಸ್ ದ್ವೀಪದಲ್ಲಿ ಎರಡು ದಿನ ಸಿಕ್ಕರೆ ಏನು ನೋಡಬಹುದು?

ಗ್ರೀಸಿನ ರೋಡ್ಸ್‌ಗೆ ಹೋದರೆ ಮೊದಲ ದಿನವನ್ನು ಪೂರ್ತಿ ಹಳೇ ಪಟ್ಟಣಕ್ಕೇ ಇಡಿ. ಸುತ್ತ ಸುಮಾರು 4 ಕಿ.ಮೀ. ಕೋಟೆಗೋಡೆ ಇದೆ. 1309ರಿಂದ 1522ರವರೆಗೆ ಸೇಂಟ್ ಜಾನ್ ಪಂಥದ ನೈಟ್‌ಗಳು (ಕ್ರೈಸ್ತ ಯೋಧರು) ಇಲ್ಲಿದ್ದರು, ಆಮೇಲೆ ಆಟೋಮನ್ ತುರ್ಕರು ಬಂದರು. ಹಾಗಾಗಿ ಚರ್ಚು, ಮಸೀದಿ ಎರಡೂ ಹತ್ತಿರ ಹತ್ತಿರವೇ ಸಿಗುತ್ತವೆ. ನೈಟ್‌ಗಳ ಬೀದಿಗೆ ಬೆಳಿಗ್ಗೆ ಬೇಗ ಹೋಗಿ. ಹಡಗುಗಳಿಂದ ಜನ ಇಳಿದ ಮೇಲೆ ಅದು ಜಾತ್ರೆಯೇ! ನೆಲವೆಲ್ಲ ಉರುಟು ಕಲ್ಲು, ಶೂ ಹಾಕಿಕೊಳ್ಳಿ.

ಪ್ರಸಿದ್ಧ ಕೊಲೋಸಸ್ ಪ್ರತಿಮೆಯನ್ನು (ಸೂರ್ಯದೇವನ ಬೃಹತ್ ಕಂಚಿನ ಮೂರ್ತಿ) ಸುಮ್ನೆ ಹುಡುಕಬೇಡಿ. ಅದು ಕ್ರಿ.ಪೂ. 226ರ ಸುಮಾರಿಗೆ ಭೂಕಂಪದಲ್ಲೇ ಬಿತ್ತು.

ಎರಡನೇ ದಿನ ಬಸ್ಸಿನಲ್ಲಿ ಲಿಂಡೋಸ್ ಊರಿಗೆ ಹೋಗಿ, ಸುಮಾರು 50 ಕಿ.ಮೀ. ಗುಡ್ಡದ ಮೇಲೆ ಅಥೀನಾ ದೇವಾಲಯದ ಅವಶೇಷ, ಕೆಳಗೆ ಸೇಂಟ್ ಪಾಲ್ ಕೊಲ್ಲಿ. ಬೇಸಿಗೆಯಲ್ಲಾದರೆ ಮೊದಲು ಗುಡ್ಡ ಹತ್ತಿ, ಈಜು ಆಮೇಲೆ. ಮೇಲೆ ನೆರಳು ತೀರಾ ಕಡಿಮೆ.