ಅಜ್ಜನ ಹವೇಲಿಯಲ್ಲಿ ಬಟ್ಟೆ ಶೋರೂಮ್

ಪ್ರಶ್ನೆ: ಬೀದರ್ ಹಳೇ ಊರಿನಲ್ಲಿ, ಗವಾನ್ ಮದರಸಾ ಹತ್ತಿರದ ಓಣಿಯಲ್ಲಿ ನಮ್ಮ ಅಜ್ಜನ ಕಾಲದ ಎರಡಂತಸ್ತಿನ ಹವೇಲಿ ಇದೆ. ಕೆಂಪು ಕಲ್ಲಿನ ಗೋಡೆ, ನಡುವೆ ಅಂಗಳ, ಸುತ್ತ ಪಡಸಾಲೆ, ಮೇಲೆ ಮಣ್ಣಿನ ಮಾಳಿಗೆ. ಕೆಳಗೆ ಮದುವೆ ಸೀರೆ, ಡಿಸೈನರ್ ಬಟ್ಟೆಗಳ ಶೋರೂಮ್, ಮೇಲೆ ಆಫೀಸು ಮತ್ತು ಗೋಡೌನ್ ಮಾಡುವ ಆಸೆ. ಮಾಳಿಗೆ ಕಿತ್ತು ಸ್ಲ್ಯಾಬ್, ಗೋಡೆಗೆ ಸಿಮೆಂಟ್, ಮುಂದೆ ಪೂರ್ತಿ ಗಾಜು ಅಂತಾರೆ ಗುತ್ತಿಗೆದಾರರು. ಏನೂ ಮುಟ್ಟಬೇಡಿ ಅಂತಾರೆ ಕಾಕಾ. ಯಾರ ಮಾತು ಕೇಳೋಣ?
– ಓದುಗರು, ಬೀದರ್

ಉತ್ತರ: ಕಾಕಾ ಅವರ ಕಡೆಗೆ ಸ್ವಲ್ಪ ಜಾಸ್ತಿ ವಾಲುತ್ತೇನೆ. ಆದರೆ ಶೋರೂಮ್ ಆಗಲಿ, ಖಂಡಿತ ಆಗಲಿ. ಜನ ಓಡಾಡುವ ಮನೆ ಬೀಗ ಹಾಕಿದ ಮನೆಗಿಂತ ಹೆಚ್ಚು ಕಾಲ ಬಾಳುತ್ತದೆ.

ಮೊದಲು ಟೇಪ್ ಹಿಡಿಯಿರಿ. 1472ರ ಮದರಸಾ ಕೇಂದ್ರದ ಸಂರಕ್ಷಿತ ಸ್ಮಾರಕ. ಅದರ ಸಂರಕ್ಷಿತ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅಲ್ಲಿಂದಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಅಳತೆ ಕಟ್ಟಡದ ಗೋಡೆಯಿಂದಲ್ಲ, ಗಡಿಯಿಂದ. ಮೊದಲ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ಇನ್ನೊಂದು ಅಂತಸ್ತು ಏರಿಸುವಂತಿಲ್ಲ. ಇರುವ ಮನೆಯ ದುರಸ್ತಿಗೆ ಅವಕಾಶ ಇದೆ, ಆದರೆ ಅದಕ್ಕೂ ಮುಂಚಿತ ಅನುಮತಿ ಬೇಕು. ಈ ಕಾಗದ ಕೈಗೆ ಬರುವವರೆಗೆ ಒಂದು ಕಲ್ಲನ್ನೂ ಅಲುಗಿಸಬೇಡಿ. ಟ್ರೇಡ್ ಲೈಸೆನ್ಸ್, ಮನೆ ಮೀಟರನ್ನು ಜೆಸ್ಕಾಂನಲ್ಲಿ ವಾಣಿಜ್ಯಕ್ಕೆ ಬದಲಿಸುವುದು, ಇವೆಲ್ಲ ಆಮೇಲೆ.

ಗೋಡೌನ್ ಮೇಲೆ ಬೇಡವೇ ಬೇಡ. ನಿಮ್ಮ ಯೋಜನೆಯಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ಇದೊಂದೇ. ಇಂದಿನ ಕಟ್ಟಡ ಲೆಕ್ಕದಲ್ಲಿ ಮನೆಯ ನೆಲ ಚದರ ಮೀಟರಿಗೆ ಸುಮಾರು 200 ಕಿಲೋ ಹೊರಬೇಕು, ಆಫೀಸು 250, ಚಿಲ್ಲರೆ ಅಂಗಡಿ 400. ಗೋಡೌನ್ ಅಂದರೆ ಇನ್ನೂ ಜಾಸ್ತಿ. ನಿಮ್ಮ ತೊಲೆ, ಜಂತಿ ಹಾಕಿದಾಗ ಯಾರೂ ಈ ಲೆಕ್ಕ ಹಾಕಿರಲಿಲ್ಲ. ಮಡಿಸಿಟ್ಟ ರೇಷ್ಮೆ ಸೀರೆಯ ಒಂದು ಕಪಾಟು ಎಷ್ಟು ಭಾರ ಅಂತ ನಿಮಗೇ ಗೊತ್ತು, ಅಲ್ವಾ? ಸ್ಟಾಕ್ ಕೆಳಗೇ ಇರಲಿ. ಮೇಲೆ ಮೇಜು, ಕಂಪ್ಯೂಟರ್, ನಾಲ್ಕು ಜನ, ಅಷ್ಟೇ.

ಅದಕ್ಕೂ ಮುಂಚೆ ಒಂದು ಪರೀಕ್ಷೆ. ತೊಲೆಯ ತುದಿ ಗೋಡೆಯೊಳಗೆ ಹೊಕ್ಕ ಜಾಗದಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಿ. ಗಟ್ಟಿಯಾಗಿ ತಡೆದರೆ ಒಳ್ಳೆಯದು. ಬೆಣ್ಣೆಗೆ ಚುಚ್ಚಿದ ಹಾಗೆ ಇಳಿದರೆ ತುದಿ ಕೊಳೆತಿದೆ, ಇಲ್ಲವೇ ಗೆದ್ದಲು ತಿಂದಿದೆ. ನಡುವೆ ತೇಗ ಎಷ್ಟೇ ಚಂದ ಹೊಳೆಯಲಿ, ತೊಲೆ ಸೋಲುವುದು ಹೆಚ್ಚಾಗಿ ತುದಿಯಲ್ಲೇ. ಇದನ್ನು ಸ್ಟ್ರಕ್ಚರಲ್ ಎಂಜಿನಿಯರ್ ಎದುರಿಗೇ ಮಾಡಿ.

ಮಾಳಿಗೆ ಕೀಳಬೇಡಿ, ಹಗುರ ಮಾಡಿ. ಸೋರಿದಾಗಲೆಲ್ಲ ಮಣ್ಣಿನ ಮೇಲೆ ಮಣ್ಣು ಹಾಕುತ್ತಾ ಬಂದು ತೂಕ ಏರಿರುತ್ತದೆ. ಹೆಚ್ಚಿನದನ್ನು ತೆಗೆಸಿ, ಇಳಿಜಾರು ಸರಿಮಾಡಿ, ಮೇಲೆ ಸುಣ್ಣದ ಗಚ್ಚು ಹಾಕಿಸಿ. ಮೇ ತಿಂಗಳ ಬಿಸಿಲಿಗೆ ಬರೀ ಸ್ಲ್ಯಾಬ್ ಕಾಯುವಷ್ಟು ಮಣ್ಣು ಕಾಯುವುದಿಲ್ಲ. ಎಸಿ ಬಿಲ್ಲಿನಲ್ಲಿ ಫರಕು ಕಾಣುತ್ತದೆ.

ಇನ್ನು ಸಿಮೆಂಟ್. ಬೀದರಿನ ಕೆಂಪು ಕಲ್ಲು ತೂತು ತೂತಾದ ಕಲ್ಲು. ನೀರು ಹೀರುತ್ತದೆ, ಬಿಡುತ್ತದೆ. ಸಿಮೆಂಟ್ ಬಳಿದರೆ ಹೀರಿದ್ದು ಒಳಗೇ ಉಳಿದು, ಉಪ್ಪು ಹೊರಟು, ಗಿಲಾವು ಹಪ್ಪಳ ಏಳುತ್ತದೆ. ಪ್ಲಾಸ್ಟಿಕ್ ಪೇಂಟೂ ಅಷ್ಟೇ. ಸುಣ್ಣದ ಕೆಲಸ ಬಲ್ಲ ಗೌಂಡಿ ಹುಡುಕಿ. ನಿಧಾನ ಆಗುತ್ತದೆ, ಖರ್ಚೂ ಜಾಸ್ತಿ.

ಹೊಸದಾಗಿ ಬರುವ ಯಾವುದೂ ಹಳೆಯದಕ್ಕೆ ಅಂಟಿಕೊಳ್ಳದಿರಲಿ. ರ‍್ಯಾಕ್, ಟ್ರಯಲ್ ರೂಮ್ ತಮ್ಮ ಕಾಲ ಮೇಲೆ ತಾವೇ ನಿಲ್ಲಲಿ, ಗೋಡೆಯಿಂದ ನಾಲ್ಕು ಬೆರಳು ದೂರ. ವೈರಿಂಗ್‌ಗೆ ಗೋಡೆ ಕೊರೆಯಬೇಡಿ, ಪೈಪ್ ಹೊರಗೇ ಓಡಲಿ. ಬೋರ್ಡಿನ ಮೊಳೆ ಕಲ್ಲಿಗಲ್ಲ, ಕಲ್ಲುಗಳ ಸಂದಿಗೆ. ಎಸಿ ನೀರು ಗೋಡೆಗೆ ತೊಟ್ಟಿಕ್ಕದಂತೆ ಪೈಪನ್ನು ಚರಂಡಿವರೆಗೆ ಎಳೆಯಿರಿ. ಇದು ಚಿಕ್ಕದು ಅನಿಸುತ್ತದೆ, ಆದರೆ ಒಂದು ಬೇಸಿಗೆ ಸಾಕು, ಗೋಡೆಯ ಬುಡ ಮೆತ್ತಗಾಗಲು.

ಅಂಗಳಕ್ಕೆ ಗಾಜು ಮುಚ್ಚಿದರೆ ಮಧ್ಯಾಹ್ನ ಒಲೆ ಆಗುತ್ತದೆ. ತೆರೆದೇ ಬಿಟ್ಟರೆ ಧೂಳು, ಪಾರಿವಾಳ. ಗೋಡೆಗಿಂತ ಎತ್ತರಕ್ಕೆ ಹಗುರ ಚಾವಣಿ ಹಾಕಿ, ಸುತ್ತ ಸಂದಿಗೆ ಜಾಲರಿ ಕಟ್ಟಿ. ಅನುಮತಿ ಅರ್ಜಿಯಲ್ಲಿ ಇದನ್ನೂ ತೋರಿಸಿ. ಸೀರೆ ತೋರಿಸುವ ಕಟ್ಟೆ ಪಡಸಾಲೆಯಲ್ಲಿ ಇರಲಿ: ಬಣ್ಣ ನಿಜವಾಗಿ ಕಾಣುವುದು ಹಗಲು ಬೆಳಕಿನಲ್ಲಿ, ಆದರೆ ನೇರ ಬಿಸಿಲು ಬಿದ್ದರೆ ರೇಷ್ಮೆ ಮಾಸುತ್ತದೆ. ಒಳಗೆ ಸಿಆರ್‌ಐ (ದೀಪದಡಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ ಅಂಕ) 90ಕ್ಕಿಂತ ಹೆಚ್ಚಿರುವ ದೀಪ ಕೇಳಿ. ಗೋಡೆಯ ಗೂಡುಗಳಲ್ಲಿ ಒಂದೆರಡು ಬಿದರಿ ಹೂಜಿ ಇಟ್ಟರೆ ಚಂದ. ಬಿದರಿ ಡಿಸೈನಿನ ವಾಲ್‌ಪೇಪರ್ ಮಾತ್ರ ದಯವಿಟ್ಟು ಬೇಡ.

ಪ್ರಶ್ನೆ: ಕಲಬುರಗಿಯಲ್ಲಿ ಹಳೇ ವಾಡೆಯೊಂದರಲ್ಲಿ ನಮ್ಮ ಬುಟಿಕ್ ಇದೆ. ಗೋಡೆಗೆ ಆಗಲೇ ಸಿಮೆಂಟ್ ಆಗಿದೆ. ಪ್ರತಿ ವರ್ಷ ಬಣ್ಣ ಉದುರುತ್ತದೆ. ಒಳ್ಳೇ ಕಂಪನಿಯ ವಾಟರ್‌ಪ್ರೂಫ್ ಹೊಡೆದರೆ ಸಾಕಾ?
– ಓದುಗರು, ಕಲಬುರಗಿ

ಉತ್ತರ: ಸಾಲದು. ಕೆಳಗೆ ತಡೆದ ತೇವ ಇನ್ನೂ ಮೇಲಕ್ಕೆ ಏರುತ್ತದೆ. ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ: ಒಡೆದ ಚರಂಡಿ, ಬಚ್ಚಲ ಪೈಪ್, ಮನೆಯ ನೆಲಕ್ಕಿಂತ ಎತ್ತರವಾದ ರಸ್ತೆ. ಅದನ್ನು ಸರಿಪಡಿಸಿ, ಒದ್ದೆ ಕಲೆ ಇರುವಲ್ಲಿಂದ ಒಂದು ಮೊಳ ಮೇಲಿನವರೆಗೂ ಸಿಮೆಂಟ್ ಮೆಲ್ಲಗೆ ಉಳಿಯಿಂದ ಬಿಡಿಸಿ. ಒಂದು ಬೇಸಿಗೆ ಪೂರ್ತಿ ಹಾಗೇ ಒಣಗಲು ಬಿಟ್ಟು, ಆಮೇಲೆ ಸುಣ್ಣದ ಗಿಲಾವು ಮಾಡಿಸಿ. ಆ ನಾಲ್ಕು ತಿಂಗಳು ಗಿರಾಕಿಗಳಿಗೆ ಬರೀ ಕಲ್ಲು ಕಾಣುತ್ತದಲ್ಲ ಅಂತ ಚಿಂತೆ ಬೇಡ, ಅದೇ ಈಗಿನ ಫ್ಯಾಷನ್ನು.